ಕಾಗದಕ್ಕೆ ಕೆಮ್ಮು ಬರುವುದಿಲ್ಲ

ಭಾರತದಲ್ಲಿ ಲಾರಿಗಳು ಹೊಗೆ ಉಗುಳುವುದಿಲ್ಲ. ಉಗುಳಿದಂತೆ ಕಂಡರೆ ದೋಷ ನೋಡುವ ಕಣ್ಣಿನದು. ಕಣ್ಣಿಗೆ ಸರ್ಟಿಫಿಕೇಟ್ ಇಲ್ಲ, ಲಾರಿಗೆ ಇದೆ. ಅದರ ಮೇಲೆ ಕ್ಯೂಆರ್ ಕೋಡ್ ಇದೆ, ನಂಬರ್ ಪ್ಲೇಟಿನ ಫೋಟೊ ಇದೆ, ಇಂಥ ತಾರೀಖಿನವರೆಗೆ ಈ ವಾಹನ ಸಭ್ಯವಾಗಿ ಉಸಿರು ಬಿಡುತ್ತದೆ ಎಂಬ ಸರ್ಕಾರಿ ಭರವಸೆ ಇದೆ. ನಿಮ್ಮ ಶ್ವಾಸಕೋಶದ ಬಳಿ ಏನಿದೆ? ಒಂದು ಕೆಮ್ಮು. ಅದನ್ನು ಸ್ಕ್ಯಾನ್ ಮಾಡಿದರೆ ಯಾವ ಪೋರ್ಟಲ್ಲೂ ತೆರೆದುಕೊಳ್ಳುವುದಿಲ್ಲ.

ಈ ತತ್ವವನ್ನು ಅರಗಿಸಿಕೊಳ್ಳಲು ಹೈದರಾಬಾದಿನ ಮಾದಾಪುರದಂಥ ಜಾಗ ಬೇರಿಲ್ಲ. 1998ರ ನವೆಂಬರ್‌ನಲ್ಲಿ ಪ್ರಧಾನಿ ವಾಜಪೇಯಿಯವರು ಇಲ್ಲಿ ಸೈಬರ್ ಟವರ್ಸ್ ಉದ್ಘಾಟಿಸಿದಾಗ ಸುತ್ತಮುತ್ತ ಜನರಿಗಿಂತ ಬಂಡೆಗಳೇ ಹೆಚ್ಚಿದ್ದವು. ಕೋಟ್ಯಂತರ ವರ್ಷ ಕದಲದೆ ಕೂತಿದ್ದ ಆ ಬಂಡೆಗಳು ಈಗ ಪುಡಿಯಾಗಿ, ಟಿಪ್ಪರ್ ಹತ್ತಿ ಊರು ಬಿಡುತ್ತಿವೆ. ಅವು ಬಿಟ್ಟುಹೋದ ಗುಂಡಿಯಲ್ಲಿ ಅಂತಸ್ತುಗಟ್ಟಲೆ ಕಾರು ನಿಲ್ಲಿಸುವ ನೆಲಮಾಳಿಗೆ, ಅದರ ಮೇಲೆ ಆಕಾಶದವರೆಗೆ ಗಾಜು. ರಾತ್ರಿ ಹತ್ತು ದಾಟಿತೆಂದರೆ ರಾಯದುರ್ಗ, ಖಾಜಾಗುಡ, ಕೋಕಾಪೇಟೆ ಕಡೆಯಿಂದ ಟಿಪ್ಪರ್‌ಗಳ ಮೆರವಣಿಗೆ. ಹಿಂದೆ ಹೊಟ್ಟೆ ತಿರುಗಿಸುತ್ತ ಬರುವ ರೆಡಿಮಿಕ್ಸ್ ಲಾರಿಗಳು, ಅವುಗಳ ಹಿಂದೆ ನೀರಿನ ಟ್ಯಾಂಕರ್‌ಗಳು. ಕುತುಬ್‌ಶಾಹಿ ಕಾಲದಲ್ಲಿ ಗೋಲ್ಕೊಂಡ ಕೋಟೆಗೆ ಕುಡಿಯುವ ನೀರು ಕೊಡುತ್ತಿದ್ದ ದುರ್ಗಂ ಚೆರುವು ಇಲ್ಲೇ ಇದೆ. ಅದರ ದಡದ ಅಪಾರ್ಟ್‌ಮೆಂಟಿಗೆ ಈಗ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಜತೆಗೆ ಬರುವ ಹೊಗೆಗೆ ಬೇರೆ ಬಿಲ್ಲು ಹಾಕುವುದಿಲ್ಲ. ಇದು ಈ ಊರಿನ ದೊಡ್ಡ ಮನಸ್ಸು.

ಬೀದರ, ಕಲಬುರಗಿ, ರಾಯಚೂರಿನ ನಮ್ಮ ಮಂದಿಗೆ ಈ ಊರು ಪರಸ್ಥಳವಲ್ಲ. 1956ರ ನವೆಂಬರ್ 1ರವರೆಗೆ ಅವರ ರಾಜಧಾನಿಯೇ ಇದು. ಈಗಲೂ ಆ ಕಡೆಯ ಹುಡುಗರು ಹಗಲು ಗಾಜಿನೊಳಗೆ ಕೂತು ಕೋಡ್ ಬರೆಯುತ್ತಾರೆ, ಅವರದೇ ತಾಲ್ಲೂಕಿನ ಇನ್ನೊಬ್ಬ ರಾತ್ರಿ ಅದೇ ಗಾಜಿನ ಬುಡದಲ್ಲಿ ಸ್ಟೇರಿಂಗ್ ಹಿಡಿದಿರುತ್ತಾನೆ. ಒಬ್ಬನಿಗೆ ಎ.ಸಿ. ಫಿಲ್ಟರ್, ಇನ್ನೊಬ್ಬನಿಗೆ ಹೆಗಲ ಮೇಲಿನ ಟವೆಲ್. ಇಬ್ಬರ ಕೆಲಸದಲ್ಲೂ ‘ಟೆಸ್ಟ್ ಪಾಸ್’ ಅನ್ನುವುದೇ ದೊಡ್ಡ ಮಾತು.

ಇಲ್ಲಿ ನೋಂದಣಿಯಾದ ಲಾರಿಯ ವಯಸ್ಸು ತಿಳಿಯಲು ಆರ್‌ಸಿ ಪುಸ್ತಕ ಬೇಡ, ನಂಬರಿನ ಮೊದಲ ಎರಡು ಅಕ್ಷರ ನೋಡಿದರೆ ಸಾಕು. ‘ಎಪಿ’ ಅಂದರೆ 2014ಕ್ಕೆ ಮೊದಲು ಹುಟ್ಟಿದ್ದು, ರಾಜ್ಯ ಒಡೆಯುವುದನ್ನು ಕಣ್ಣಾರೆ ಕಂಡದ್ದು. ‘ಟಿಎಸ್’ ಅಂದರೆ ಅಲ್ಲಿಂದ 2024ರ ಮಾರ್ಚ್‌ವರೆಗಿನದು. ‘ಟಿಜಿ’ ಅಂದರೆ ಆಮೇಲಿನ ಸಂತಾನ. ಹತ್ತು ವರ್ಷದಲ್ಲಿ ಅಕ್ಷರ ಎರಡು ಸಲ ಬದಲಾಯಿತು. ಒಂದೊಂದು ಸಲವೂ ಅಸ್ಮಿತೆ, ಆತ್ಮಗೌರವ, ಚರ್ಚೆ, ಅಧಿಸೂಚನೆ. ನಂಬರ್ ಪ್ಲೇಟು ಲಾರಿಯ ಮುಂದಿರುತ್ತದೆ, ಸೈಲೆನ್ಸರ್ ಹಿಂದಿರುತ್ತದೆ. ರಾಜಕಾರಣಕ್ಕೆ ಎದುರಿಗಿದ್ದದ್ದು ಮಾತ್ರ ಕಾಣುತ್ತದೆ.

ಗಾಳಿಗೂ ಗಡಿ ಉಂಟು ಎಂದು ಜಗತ್ತಿಗೆ ತೋರಿಸಿಕೊಟ್ಟವರೂ ನಾವೇ. 2010ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಭಾರತ್ ಸ್ಟೇಜ್ 4 ಮಾನದಂಡ ಬಂತು, ಆದರೆ ಹದಿಮೂರು ನಗರಗಳಿಗೆ ಮಾತ್ರ. ಆ ಪಟ್ಟಿಯಲ್ಲಿ ಬೆಂಗಳೂರಿತ್ತು, ಹೈದರಾಬಾದಿತ್ತು, ಸೊಲ್ಲಾಪುರವೂ ಇತ್ತು. ಉಳಿದ ಭಾರತಕ್ಕೆ ಸ್ಟೇಜ್ 3. ಈಗ ಸೊಲ್ಲಾಪುರದಿಂದ ಹೈದರಾಬಾದಿಗೆ ಬರುವ ಹೆದ್ದಾರಿಯನ್ನು ನೆನಪಿಸಿಕೊಳ್ಳಿ. ಹೊರಡುವ ಊರಿನ ಬಂಕಿನಲ್ಲಿ 50 ಪಿಪಿಎಂ ಗಂಧಕದ ಡೀಸೆಲ್, ಮುಟ್ಟುವ ಊರಿನಲ್ಲಿ 50 ಪಿಪಿಎಂ, ನಡುವೆ ಸಿಗುವ ನಮ್ಮ ಹುಮನಾಬಾದಿನ ಪಾಲಿಗೆ 350. ಲಾರಿ ಕೊಳ್ಳುವವನು ಪಟ್ಟಿಯಲ್ಲಿಲ್ಲದ ಊರಿನಲ್ಲಿ ನೋಂದಣಿ ಮಾಡಿಸಿದರೆ ಸ್ಟೇಜ್ 3ರ ಎಂಜಿನ್ನೇ ಧಾರಾಳವಾಗಿ ಸಿಗುತ್ತಿತ್ತು. ನ್ಯಾಷನಲ್ ಪರ್ಮಿಟ್ ಹಾಕಿಸಿಕೊಂಡು ಅದನ್ನು ಸ್ಟೇಜ್ 4ರ ನಗರದ ನಡುಮಧ್ಯೆ ಓಡಿಸಲು ಯಾರ ಅಡ್ಡಿಯೂ ಇರಲಿಲ್ಲ. ಮಾನದಂಡ ಲಾರಿ ಹುಟ್ಟಿದ ಊರನ್ನು ಕೇಳುತ್ತಿತ್ತೇ ಹೊರತು ಹೊಗೆ ಬಿಡುವ ಊರನ್ನಲ್ಲ. ಜಾತಿ ಪ್ರಮಾಣಪತ್ರ ಕೊಟ್ಟು ಕೊಟ್ಟು ಪಳಗಿದ ಆಡಳಿತಕ್ಕೆ ಇದರಲ್ಲಿ ಅಸಹಜವಾದದ್ದೇನೂ ಕಾಣಿಸಲಿಲ್ಲ.

ಏಳು ವರ್ಷ ಈ ಆಟ ನಡೆಯಿತು. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಸ್ಟೇಜ್ 3ರ ವಾಹನ ಮಾರುವಂತಿಲ್ಲ ಎಂದಿತು. ಕಂಪನಿಗಳ ಬಳಿ ಆಗ ಮಾರಾಟವಾಗದೆ ಉಳಿದದ್ದು 8 ಲಕ್ಷಕ್ಕೂ ಹೆಚ್ಚು ವಾಹನ. ಉಳಿದ ಸಮಯ ಎರಡು ದಿನ. ನಾವು ಏನು ಮಾಡಿದೆವು? ಶೋರೂಮಿನ ಮುಂದೆ ಸಾಲು ನಿಂತೆವು. ನ್ಯಾಯಾಲಯ ವಿಷ ಎಂದು ಕರೆದದ್ದಕ್ಕೆ ಡೀಲರು ಡಿಸ್ಕೌಂಟ್ ಎಂದು ಹೆಸರಿಟ್ಟ, ನಾವು ಡೀಲರನ ಮಾತು ಕೇಳಿದೆವು. ಲಾರಿ ಒಮ್ಮೆ ನೋಂದಣಿಯಾದರೆ ವರ್ಷಗಟ್ಟಲೆ ನಿಶ್ಚಿಂತೆ. ಆ ಎರಡು ದಿನದ ಜಾತ್ರೆಯಲ್ಲಿ ಬೀದಿಗಿಳಿದವು ಇನ್ನೂ ಕೆಲವು ಸಂಕ್ರಾಂತಿ ನೋಡಲಿವೆ.

2020ರ ಏಪ್ರಿಲ್ 1ಕ್ಕೆ ದೇಶ ಸ್ಟೇಜ್ 5ನ್ನು ನೆಗೆದು ನೇರ 6ಕ್ಕೆ ಹಾರಿತು. ಡೀಸೆಲ್ಲಿನ ಗಂಧಕ 10 ಪಿಪಿಎಂಗೆ ಇಳಿಯಿತು. ಇದರಲ್ಲಿ ವ್ಯಂಗ್ಯವಿಲ್ಲ. ತೈಲ ಕಂಪನಿಗಳು, ಎಂಜಿನಿಯರುಗಳು ನಿಜಕ್ಕೂ ಮಾಡಿದ ಕೆಲಸ ಅದು, ಒಪ್ಪಬೇಕು. ವ್ಯಂಗ್ಯ ಶುರುವಾಗುವುದು ಲಾರಿ ಕಾರ್ಖಾನೆ ಬಿಟ್ಟು ರಸ್ತೆಗೆ ಇಳಿದ ಮೇಲೆ, ಅದನ್ನು ಪರೀಕ್ಷಿಸುವ ಹೊಣೆ ರಸ್ತೆ ಬದಿಯ ಒಂದು ಮಾರುತಿ ಓಮ್ನಿ ವ್ಯಾನಿಗೆ ಬಿದ್ದ ಮೇಲೆ.

ಹೈದರಾಬಾದಿನಲ್ಲಿ ಓಡಾಡಿದವರಿಗೆಲ್ಲ ಆ ವ್ಯಾನು ಗೊತ್ತು. ಬಂಕಿನ ಮಗ್ಗುಲಲ್ಲೋ ಬೇವಿನ ಮರದ ಕೆಳಗೋ ನಿಂತಿರುತ್ತದೆ. ಒಳಗೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಹೊಗೆ ಅಳೆಯುವ ಯಂತ್ರ, ಒಬ್ಬ ಹುಡುಗ. ನಾಲ್ಕರಲ್ಲಿ ದಿನವಿಡೀ ದುಡಿಯುವುದು ಪ್ರಿಂಟರು.

ನಿಯಮ ಮಾತ್ರ ಅಚ್ಚುಕಟ್ಟಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ ತೆಗೆದು ನೋಡಿ. ಡೀಸೆಲ್ ವಾಹನಕ್ಕೆ ‘ಫ್ರೀ ಆಕ್ಸಿಲರೇಷನ್’ ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಗೇರು ನ್ಯೂಟ್ರಲ್ಲಿನಲ್ಲಿಟ್ಟು ಪೆಡಲನ್ನು ಒಮ್ಮೆಗೇ ತಳದವರೆಗೆ ಒತ್ತಬೇಕು. ಎಂಜಿನ್ ತನ್ನ ಗರಿಷ್ಠ ವೇಗ ಮುಟ್ಟಬೇಕು. ಹೀಗೆ ಹಲವು ಸಲ ಮಾಡಿ ಹೊಗೆಯ ದಟ್ಟಣೆಯ ಸರಾಸರಿ ತೆಗೆಯಬೇಕು. ಸ್ಟೇಜ್ 4ಕ್ಕೆ ಮೊದಲಿನ ವಾಹನಕ್ಕೆ ಮಿತಿ 65 ಹಾರ್ಟ್‌ರಿಜ್ ಯೂನಿಟ್, ಸ್ಟೇಜ್ 4ರದಕ್ಕೆ 50. ಹಳೆಯದಕ್ಕೆ ಆರು ತಿಂಗಳಿಗೊಮ್ಮೆ, ಹೊಸದಕ್ಕೆ ವರ್ಷಕ್ಕೊಮ್ಮೆ. ಇಷ್ಟನ್ನೂ ಪ್ರಾಮಾಣಿಕವಾಗಿ ಮಾಡಿದರೆ ಹತ್ತು ಚಕ್ರದ ಟಿಪ್ಪರಿಗೆ ಕಾಲು ಗಂಟೆಯಾದರೂ ಬೇಕು.

ನಡೆಯುವುದು ಏನು? ಅಯ್ಯಪ್ಪ ಸೊಸೈಟಿ ಹತ್ತಿರದ ಇರಾನಿ ಚಹಾದಂಗಡಿಯಲ್ಲಿ ಹುಮನಾಬಾದ್ ಕಡೆಯ ಡ್ರೈವರನೊಬ್ಬ ಉಸ್ಮಾನಿಯಾ ಬಿಸ್ಕತ್ತು ಅದ್ದುತ್ತ ಒಳ್ಳೆಯ ಪಾಠ ಹೇಳಿದ: “ಸಾಹೇಬ್ರ, ಪೂರಾ ಪೆಡಲ್ ಒತ್ತಿದ್ರ ಯಾವ ಗಾಡಿ ಪಾಸ್ ಆಗ್ತದ್ರಿ? ಅರ್ಧ ಒತ್ಬೇಕು, ಹಗೂರಕ ಒತ್ಬೇಕು. ಹೊಗಿ ನಳಗಿ ಪೂರಾ ಒಳಗ ಹಾಕಬಾರ್ದು. ಅದೂ ಭಾಳ ಆಯ್ತಂದ್ರ ಗಾಡಿ ಯಾಕ್ ತರಬೇಕ್ರಿ, ನಂಬರ್ ಕೊಟ್ರ ಸಾಕ್.” ಪಿಎಚ್‌.ಡಿ. ಪ್ರಬಂಧಕ್ಕೆ ಬೇಕಾದಷ್ಟು ಸಾಮಗ್ರಿ ಅವನ ಎರಡು ಬಿಸ್ಕತ್ತಿನಲ್ಲಿ ಮುಗಿಯಿತು.

ಡ್ರೈವರನ ಮಾತು ಬಾಯಿಮಾತು ಎನ್ನುವವರಿಗೆ ಸಿಎಜಿ ಮಾತು ಇದೆ. 2025ರ ಏಪ್ರಿಲ್‌ನಲ್ಲಿ ದೆಹಲಿ ವಿಧಾನಸಭೆಯ ಮುಂದಿಟ್ಟ ವರದಿ ಅಲ್ಲಿನ ಹೊಗೆ ತಪಾಸಣಾ ಕೇಂದ್ರಗಳ ಐದು ವರ್ಷಗಳ ದಾಖಲೆ ತೆರೆದು ನೋಡಿತು. 2015ರ ಆಗಸ್ಟ್‌ನಿಂದ 2020ರ ಆಗಸ್ಟ್‌ವರೆಗೆ ತಪಾಸಣೆಯಾದ 22 ಲಕ್ಷಕ್ಕೂ ಹೆಚ್ಚು ಡೀಸೆಲ್ ವಾಹನಗಳಲ್ಲಿ ಶೇ 24ರಷ್ಟಕ್ಕೆ ಅಳತೆಯ ಅಂಕಿಯೇ ದಾಖಲಾಗಿರಲಿಲ್ಲ. 4,007 ಡೀಸೆಲ್ ವಾಹನಗಳ ಅಂಕಿ ಮಿತಿ ಮೀರಿತ್ತು, ಫಲಿತಾಂಶ ಮಾತ್ರ ‘ಪಾಸ್’. 7,643 ಪ್ರಕರಣಗಳಲ್ಲಿ ಒಂದೇ ಕೇಂದ್ರದಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ವಾಹನ ತಪಾಸಣೆಯಾಗಿತ್ತು. 76,865 ಪ್ರಕರಣಗಳಲ್ಲಿ ತಪಾಸಣೆಯೂ ಸರ್ಟಿಫಿಕೇಟೂ ಸೇರಿ ಒಂದೇ ನಿಮಿಷ.

ಒಂದು ನಿಮಿಷ! ಮಾದಾಪುರದ ಯಾವ ಕಂಪನಿಯ ಯಾವ ಟೆಸ್ಟಿಂಗ್ ಮ್ಯಾನೇಜರಿಗೆ ಈ ವೇಗ ಸಾಧ್ಯ? ಒಂದು ಲಾಗಿನ್ ಪುಟ ಪರೀಕ್ಷಿಸಲು ಇಲ್ಲಿ ಎರಡು ವಾರದ ‘ಸ್ಪ್ರಿಂಟ್’ ಓಡುತ್ತಾರೆ, ಓಡಿದ ಮೇಲೆ ಏಕೆ ಓಡಿದೆವು ಎಂದು ಸಭೆ ಸೇರುತ್ತಾರೆ. ಅತ್ತ ದೆಹಲಿಯ ಹುಡುಗ ಅರವತ್ತು ಸೆಕೆಂಡಿನಲ್ಲಿ ಎಂಜಿನ್ ಬಿಸಿ ಮಾಡಿ, ಪೆಡಲ್ ಒತ್ತಿಸಿ, ಸರಾಸರಿ ತೆಗೆದು, ಫೋಟೊ ಹೊಡೆದು, ಪ್ರಿಂಟು ಕೊಟ್ಟು, ಚಿಲ್ಲರೆ ವಾಪಸು ಮಾಡಿದ್ದಾನೆ. ಅಂಥವನಿಗೆ ಹೈಟೆಕ್ ಸಿಟಿಯಲ್ಲಿ ಕೂಡಲೇ ವೈಸ್ ಪ್ರೆಸಿಡೆಂಟ್ ಹುದ್ದೆ ಕೊಡಬೇಕು. ಅನುಭವವಿಲ್ಲದೆ ಅನುಭವದ ಸರ್ಟಿಫಿಕೇಟ್ ಮಾರುವವರನ್ನು ಪೊಲೀಸರು ಆಗಾಗ ಹಿಡಿಯುವ ಈ ನಗರದಲ್ಲಿ ಅವನಿಗೆ ಅನ್ಯಭಾವ ಕಾಡಲಾರದು.

ದೆಹಲಿಯ ಮಾತು ನಮಗೇಕೆ ಎನ್ನಬೇಡಿ. ನಿಯಮ ಎಲ್ಲೆಡೆ ಒಂದೇ, ತಪಾಸಣಾ ಕೇಂದ್ರದ ಹೊಟ್ಟೆಪಾಡೂ ಒಂದೇ. ತಪಾಸಣೆಯ ಶುಲ್ಕ ಕೊಡುವವನು ತಪಾಸಣೆಗೆ ಒಳಗಾಗುವವನು. ವಿದ್ಯಾರ್ಥಿಯ ಜೇಬಿನಿಂದ ಸಂಬಳ ತೆಗೆದುಕೊಳ್ಳುವ ಪರೀಕ್ಷಕ ಯಾರನ್ನು ತಾನೇ ನಪಾಸು ಮಾಡಿಯಾನು? ಇವನು ನಪಾಸು ಮಾಡಿದರೆ ಲಾರಿ ಮುಂದಿನ ಬೇವಿನ ಮರದ ಕೆಳಗೆ ಹೋಗುತ್ತದೆ. ಅಲ್ಲಿರುವವನಿಗೂ ಮನೆ ಬಾಡಿಗೆ ಇದೆ.

ಈ ದುಷ್ಟತನವನ್ನು ತಡೆಯಲು ಕೇಂದ್ರ ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. 2021ರ ಜೂನ್‌ನಲ್ಲಿ ದೇಶಕ್ಕೆಲ್ಲ ಒಂದೇ ಮಾದರಿಯ ಪಿಯುಸಿ ಎಂಬ ಹೊಗೆ ತಪಾಸಣೆಯ ಕಾಗದ ತಂದಿತು. ಕ್ಯೂಆರ್ ಕೋಡ್ ಬಂತು, ಮಾಲೀಕನ ಮೊಬೈಲ್ ನಂಬರ್ ಕಡ್ಡಾಯವಾಯಿತು, ನಪಾಸಾದ ವಾಹನಕ್ಕೆ ಕೊಡಲು ‘ರಿಜೆಕ್ಷನ್ ಸ್ಲಿಪ್’ ಎಂಬ ಹೊಸ ಚೀಟಿಯೂ ಬಂತು. ಈ ಚೀಟಿಯನ್ನು ಕಣ್ಣಾರೆ ಕಂಡವರಿದ್ದರೆ ದಯವಿಟ್ಟು ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೆ ತಲುಪಿಸಿ. ಅಲ್ಲಿ ಮುಸುಕಿನ ರೆಬೆಕಾಳ ಅಮೃತಶಿಲೆಯ ಪ್ರತಿಮೆಯ ಪಕ್ಕದಲ್ಲಿಡಬಹುದು. ಎರಡರಲ್ಲೂ ಮುಖ ಇದ್ದೂ ಕಾಣದಿರುವುದೇ ಕಲೆ.

ಇನ್ನು ದಂಡ. ಮೋಟಾರು ವಾಹನ ಕಾಯ್ದೆಯ 190ನೇ ಕಲಂ 2019ರ ತಿದ್ದುಪಡಿಯ ನಂತರ ಬಲು ಭಯಂಕರವಾಗಿದೆ. ಮೂರು ತಿಂಗಳವರೆಗೆ ಜೈಲು, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಜತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಓದಿದರೆ ಹುಲಿಯ ಘರ್ಜನೆ ಕೇಳಿಸುತ್ತದೆ. ಆದರೆ ಅದೇ ಕಾಯ್ದೆಯಲ್ಲಿ ರಾಜ್ಯಗಳು ರಾಜಿ ದಂಡ ನಿಗದಿ ಮಾಡಬಹುದೆಂಬ ಇನ್ನೊಂದು ಕಲಂ ಇದೆ. ಹೊಸ ದಂಡ ಜಾರಿಗೆ ತಂದ ಕರ್ನಾಟಕ ಕೆಲವೇ ವಾರಗಳಲ್ಲಿ, 2019ರ ಸೆಪ್ಟೆಂಬರ್ ಮುಗಿಯುವುದರೊಳಗೆ, ಹಲವು ದಂಡಗಳನ್ನು ಇಳಿಸಿ ಜನಾನುರಾಗಿಯಾಯಿತು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಪಿಯುಸಿ ಇಲ್ಲದ ವಾಹನದ ವಿಮೆ ನವೀಕರಿಸಬೇಡಿ ಎಂದಿತು. ಪಿಯುಸಿ ಇಲ್ಲದವರು ವಿಮೆಯನ್ನೂ ಬಿಟ್ಟರು, ಅಪಘಾತಕ್ಕೆ ಸಿಕ್ಕವರಿಗೆ ಪರಿಹಾರ ಸಿಗದಾಯಿತು. 2024ರ ಜುಲೈನಲ್ಲಿ ನ್ಯಾಯಾಲಯವೇ ಆ ಷರತ್ತು ತೆಗೆಯಬೇಕಾಯಿತು. ತಪ್ಪು ತೀರ್ಮಾನವಲ್ಲ. ಲಾರಿಯ ಮುಂಭಾಗಕ್ಕೆ ಸಿಕ್ಕವನಿಗೆ ಪರಿಹಾರ ಬೇಕೇ ಬೇಕು. ಹಿಂಭಾಗಕ್ಕೆ ಸಿಕ್ಕವನಿಗೆ ಮಾತ್ರ ಯಾವ ಟ್ರಿಬ್ಯುನಲ್ಲೂ ಇಲ್ಲ. ಅವನು ನಿಧಾನಕ್ಕೆ ಸಾಯುತ್ತಾನೆ, ಎಫ್‌ಐಆರ್‌ಗೆ ಬೇಕಾದ ಸ್ಥಳ ಮತ್ತು ಸಮಯ ಕೊಡುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ತೆಲಂಗಾಣ ತನ್ನ ಸಾರಿಗೆ ಚೆಕ್‌ಪೋಸ್ಟ್‌ಗಳನ್ನು ಮುಚ್ಚಿತು. ಇನ್ನು ಗಡಿಯಲ್ಲಿ ಲಾರಿ ನಿಲ್ಲಬೇಕಿಲ್ಲ. ಹೊಗೆ ಮಾತ್ರ ಅಲ್ಲಿ ಹಿಂದೆಯೂ ನಿಂತದ್ದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕಣ್ಣಿಗೆ ಕಾಣುವ ಕಪ್ಪು ಹೊಗೆಯ ಕಥೆ. ಹೊಸ ಸ್ಟೇಜ್ 6 ಲಾರಿಗಳದು ಇದಕ್ಕಿಂತ ಸುಸಂಸ್ಕೃತ ಕಥೆ. ಅವುಗಳಲ್ಲಿ ಮಸಿಯನ್ನು ಹಿಡಿಯುವ ಫಿಲ್ಟರ್ ಇದೆ. ಡೆಫ್ ಎಂದು ಎಲ್ಲರೂ ಕರೆಯುವ ಯೂರಿಯಾ ದ್ರಾವಣದ ಟ್ಯಾಂಕ್ ಇದೆ: ಶೇ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಅದನ್ನು ಬಿಸಿ ಹೊಗೆಯೊಳಗೆ ಚಿಮುಕಿಸಿದರೆ ನೈಟ್ರೋಜನ್ ಆಕ್ಸೈಡುಗಳು ನಿರಪಾಯಕಾರಿ ನೈಟ್ರೋಜನ್ನಾಗಿ ಹೋಗುತ್ತವೆ. ಆದರೆ ಹೊಗೆ ಸುಮಾರು 200 ಡಿಗ್ರಿಗೆ ಮೇಲಿರಬೇಕು. ಹೆದ್ದಾರಿಯಲ್ಲಿ ಭಾರ ಹೊತ್ತು ಓಡುವಾಗ ಅದು ಸುಲಭ. ಬಯೋಡೈವರ್ಸಿಟಿ ಜಂಕ್ಷನ್ನಿನಲ್ಲಿ ಇಂಚಿಂಚು ತೆವಳುವಾಗ? ಸೈಟಿನ ಮುಂದೆ ಸರದಿಗಾಗಿ ಡ್ರಮ್ಮು ತಿರುಗಿಸುತ್ತ ಗಂಟೆಗಟ್ಟಲೆ ನಿಂತ ರೆಡಿಮಿಕ್ಸ್ ಲಾರಿಯಲ್ಲಿ? ಕಾಂಕ್ರೀಟು ಗಟ್ಟಿಯಾಗದಿರಲು ಡ್ರಮ್ಮು ನಿಲ್ಲುವಂತಿಲ್ಲ, ಡ್ರಮ್ಮು ತಿರುಗಲು ಎಂಜಿನ್ ಆರುವಂತಿಲ್ಲ. ಹೊಗೆ ತಣ್ಣಗಿದ್ದರೆ ಯೂರಿಯಾ ಚಿಮ್ಮುವುದಿಲ್ಲ. ಹೀಗಾಗಿ ಜನ ಹೆಚ್ಚಿರುವ ಕಡೆಯೇ ಆ ಯಂತ್ರಕ್ಕೆ ನಿದ್ದೆ.

ಡೆಫ್‌ಗೆ ದುಡ್ಡು ಬೇಕು. ಟ್ಯಾಂಕ್ ಖಾಲಿಯಾದರೆ ಲಾರಿಯ ಕಂಪ್ಯೂಟರು ಎಂಜಿನ್ನಿನ ಬಲ ಕುಗ್ಗಿಸುತ್ತದೆ. ಅದಕ್ಕೆ ಔಷಧಿಯೂ ಉಂಟು: ಎಮ್ಯುಲೇಟರ್ ಎಂಬ ಪುಟ್ಟ ಪೆಟ್ಟಿಗೆ. ಯೂರಿಯಾ ಚಿಮ್ಮುತ್ತಿದೆ, ಎಲ್ಲ ಕ್ಷೇಮ ಎಂದು ಅದು ಲಾರಿಯ ಕಂಪ್ಯೂಟರಿಗೆ ಸುಳ್ಳು ಹೇಳುತ್ತಿರುತ್ತದೆ. ಯುರೋಪಿನ ಪೊಲೀಸರು ವರ್ಷಗಳಿಂದ ಹೆದ್ದಾರಿಗಳಲ್ಲಿ ಇದನ್ನು ಹುಡುಕಿ ಹಿಡಿಯುತ್ತಿದ್ದಾರೆ. ನಮ್ಮಲ್ಲಿ ಹುಡುಕುವ ಪ್ರಶ್ನೆಯೇ ಇಲ್ಲ. ಓಮ್ನಿ ವ್ಯಾನಿನ ಪರೀಕ್ಷೆ ಡೀಸೆಲ್ ವಾಹನದಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ನೈಟ್ರೋಜನ್ ಆಕ್ಸೈಡ್ ಅದರ ಪಠ್ಯಕ್ರಮದಲ್ಲೇ ಇಲ್ಲ. ಅತಿ ಸೂಕ್ಷ್ಮ ಕಣಗಳ ಎಣಿಕೆಯೂ ಇಲ್ಲ. ಲಾರಿ ಒಳಗೊಳಗೇ ಎಷ್ಟು ಕೆಟ್ಟಿದ್ದರೂ ಮೋರೆ ಕಪ್ಪಾಗದಿದ್ದರೆ ಪಾಸ್.

ಇದನ್ನೆಲ್ಲ ನೋಡಿದಾಗ ಫೋಕ್ಸ್‌ವ್ಯಾಗನ್ ಕಂಪನಿಯ ಮೇಲೆ ಕನಿಕರ ಹುಟ್ಟುತ್ತದೆ. ಪಾಪ, ಜರ್ಮನ್ ಎಂಜಿನಿಯರುಗಳು ಎಷ್ಟು ಕಷ್ಟಪಟ್ಟರು! ಕಾರು ಪ್ರಯೋಗಾಲಯದಲ್ಲಿದೆಯೋ ರಸ್ತೆಯಲ್ಲಿದೆಯೋ ಎಂದು ಪತ್ತೆ ಹಚ್ಚಿ, ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಸಜ್ಜನನಾಗುವ ಸಾಫ್ಟ್‌ವೇರ್ ಬರೆದರು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಹೊಗೆಯ ನಳಿಗೆಗೇ ಯಂತ್ರ ಕಟ್ಟಿ ರಸ್ತೆಯಲ್ಲಿ ಓಡಿಸಿದಾಗ ಗುಟ್ಟು ಹೊರಬಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಜಗತ್ತಿನ 1 ಕೋಟಿ 10 ಲಕ್ಷ ವಾಹನಗಳ ಮಾನ ಹೋಯಿತು. ಭಾರತದಲ್ಲೂ 3 ಲಕ್ಷಕ್ಕೂ ಹೆಚ್ಚು ಕಾರು ವಾಪಸು ಕರೆಸಬೇಕಾಯಿತು. 2019ರಲ್ಲಿ ನಮ್ಮ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ದಂಡ ಹೇಳಿತು, ಸುಪ್ರೀಂ ಕೋರ್ಟ್ ವಸೂಲಿಗೆ ತಡೆ ಕೊಟ್ಟಿತು. ಲಾರಿ ಜಗತ್ತೂ ಹಿಂದೆ ಬೀಳಲಿಲ್ಲ. ಟೊಯೋಟಾ ಬಳಗದ ಹಿನೊ, 2003ರಷ್ಟು ಹಿಂದಿನಿಂದಲೂ ಎಂಜಿನ್ ಅಂಕಿಅಂಶ ತಿದ್ದಿದ್ದೆವು ಎಂದು 2022ರಲ್ಲಿ ಒಪ್ಪಿಕೊಂಡಿತು. 2025ರ ಜನವರಿಯಲ್ಲಿ ಅಮೆರಿಕದಲ್ಲಿ 160 ಕೋಟಿ ಡಾಲರಿಗೂ ಮೇಲೆ ತೆರಲು ಒಪ್ಪಿತು. ಎಂಜಿನ್ ತಯಾರಕ ಕಮಿನ್ಸ್ 2023ರ ಡಿಸೆಂಬರ್‌ನಲ್ಲಿ 167.5 ಕೋಟಿ ಡಾಲರ್ ದಂಡಕ್ಕೆ ತಲೆಬಾಗಿತು.

ಇಷ್ಟೊಂದು ಖರ್ಚು, ಇಷ್ಟೊಂದು ಅವಮಾನ! ಇವರಲ್ಲಿ ಒಬ್ಬನಾದರೂ ನಮ್ಮ ಬೇವಿನ ಮರದ ಕೆಳಗೆ ಬಂದು ನಿಂತಿದ್ದರೆ ಇನ್ನೂರು ರೂಪಾಯಿಯೊಳಗೆ ಕೆಲಸ ಮುಗಿಯುತ್ತಿತ್ತು. ಅವರು ಪರೀಕ್ಷೆಯನ್ನು ಮೋಸಗೊಳಿಸಲು ಸಾಫ್ಟ್‌ವೇರ್ ಬರೆದರು. ನಾವು ಮೋಸ ಮಾಡುವ ಅಗತ್ಯವೇ ಬೀಳದಂಥ ಪರೀಕ್ಷೆ ಬರೆದೆವು. ಯಾವುದು ಉನ್ನತ ತಂತ್ರಜ್ಞಾನ, ನೀವೇ ಹೇಳಿ.

ಗಾಜಿನ ಗೋಪುರದೊಳಗಿನವರು ಇದರಿಂದೆಲ್ಲ ದೂರ ಎಂದುಕೊಳ್ಳಬೇಡಿ. ಅವರೂ ಪರಿಸರ ಪ್ರೇಮಿಗಳೇ. ಸೆಬಿ ಹೇಳಿದಂತೆ 2022–23ರಿಂದ ಶೇರುಪೇಟೆಯ ಮೊದಲ 1,000 ಕಂಪನಿಗಳು ಸುಸ್ಥಿರತೆಯ ವರದಿ ಕೊಡಬೇಕು. ತಮ್ಮ ಜನರೇಟರಿನ ಹೊಗೆ, ತಾವು ಬಳಸಿದ ವಿದ್ಯುತ್ತಿನ ಹೊಗೆ, ಇವೆರಡನ್ನೂ ಲೆಕ್ಕ ಹಾಕಿ ಬರೆಯಬೇಕು. ತಮಗಾಗಿ ಕಲ್ಲು, ಮರಳು, ಸಿಮೆಂಟು ಹೊತ್ತ ಲಾರಿಯ ಹೊಗೆ ‘ಸ್ಕೋಪ್ 3’ ಎಂಬ ಮೂರನೆಯ ಮನೆಯಲ್ಲಿದೆ. ಅದನ್ನು ಹೇಳಿದರೆ ಮೆಚ್ಚುಗೆ, ಹೇಳದಿದ್ದರೆ ತೊಂದರೆಯಿಲ್ಲ. ಆದ್ದರಿಂದ ಸ್ವಾಗತ ಕೊಠಡಿಯಲ್ಲಿ ಹಸಿರು ಕಟ್ಟಡದ ಪ್ಲಾಟಿನಂ ಫಲಕ, ಕುಂಡದಲ್ಲಿ ಮನಿಪ್ಲಾಂಟು, ಗೋಡೆಯಲ್ಲಿ ‘ನೆಟ್ ಜೀರೋ’ ವರ್ಷದ ಘೋಷಣೆ. ಆ ಫಲಕವನ್ನು ಹೊತ್ತ ಗೋಡೆ ಬಂದದ್ದು ‘ಎಪಿ’ ನಂಬರಿನ ಲಾರಿಯಲ್ಲಿ. ಆ ಲಾರಿಗೂ ಕಾಗದವಿತ್ತು, ಈ ಕಟ್ಟಡಕ್ಕೂ ಕಾಗದವಿದೆ. ಇಬ್ಬರೂ ಪಾಸಾದವರೇ, ಪರಸ್ಪರ ದೂರುವ ನೈತಿಕ ಹಕ್ಕು ಯಾರಿಗೂ ಇಲ್ಲ.

ನಗುವುದನ್ನು ಇಲ್ಲಿಗೆ ನಿಲ್ಲಿಸಿ ಎರಡು ಅಂಕಿ ನೋಡೋಣ. ನೀತಿ ಆಯೋಗದ 2022ರ ವರದಿಯ ಪ್ರಕಾರ ದೇಶದ ವಾಹನಗಳಲ್ಲಿ ಟ್ರಕ್ಕುಗಳ ಪಾಲು ಶೇ 3, ವಾಹನಗಳಿಂದ ಬರುವ ಕಣ ಮಾಲಿನ್ಯದಲ್ಲಿ ಅವುಗಳ ಪಾಲು ಶೇ 53. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕಿನ ಹೊಗೆ ಇರುವುದೂ ಆ ಗುಂಪಿನಲ್ಲೇ. ಸಿಗರೇಟು ಪ್ಯಾಕಿನ ಮೇಲೆ ಕೊಳೆತ ಬಾಯಿಯ ಚಿತ್ರ ಹಾಕಿಸಿದ ಸರ್ಕಾರ ಲಾರಿಯ ಹಿಂದೆ ಏನನ್ನೂ ಬರೆಯಿಸಲಿಲ್ಲ, ‘ಹಾರ್ನ್ ಓಕೆ ಪ್ಲೀಸ್’ ಕೂಡ ಪೇಂಟರನೇ ಬರೆದದ್ದು.

ಮೊದಲು ಸಾಯುವವನು ಡ್ರೈವರ್ ಎಂಬುದನ್ನೂ ಮರೆಯಬಾರದು. ಚಹಾದಂಗಡಿಯಲ್ಲಿ ಸಿಕ್ಕ ಆ ಡ್ರೈವರನೇ ಹೇಳಿದ: “ನಿಮಗ ಹೊಗಿ ಐದು ಮಿನಿಟ್ ಬಡಿತದ್ರಿ, ನಾ ರಾತ್ರಿ ಪೂರಾ ಕುಡಿಲತ್ತೀನಿ.” ಲಾರಿ ಅವನದಲ್ಲ. ಇಂಜೆಕ್ಟರ್ ಬದಲಿಸುವ ತೀರ್ಮಾನ ಅವನದಲ್ಲ. ಮಿತಿ ಮೀರಿ ಕಲ್ಲು ತುಂಬುವುದು ಕ್ವಾರಿ, ತುಂಬಿಸಿಕೊಳ್ಳುವುದು ಮಾಲೀಕ, ಬೇಗ ಬಾ ಎನ್ನುವುದು ಬಿಲ್ಡರು. ಲೈಸೆನ್ಸ್ ಅಮಾನತು ಮಾತ್ರ ಅವನದು. ಒಂದೇ ಲಾರಿಯ ಮಾಲೀಕನೂ ಪೂರಾ ಖಳನಲ್ಲ. ಕಂತು ಕಟ್ಟಿ, ಟೈರು ಹಾಕಿಸಿ ಉಳಿದದ್ದರಲ್ಲಿ ಅವನು ಡೆಫ್ ಕೊಳ್ಳಬೇಕೋ ಎಮ್ಯುಲೇಟರೋ ಎಂದು ಲೆಕ್ಕ ಹಾಕುತ್ತಾನೆ. ಪ್ರಾಮಾಣಿಕನಿಗೆ ನಷ್ಟ, ಕಳ್ಳನಿಗೆ ಲಾಭ ಎಂದು ವ್ಯವಸ್ಥೆ ಮೊದಲೇ ಬರೆದಿಟ್ಟಿರುವಾಗ ಉತ್ತರವೂ ಮೊದಲೇ ಗೊತ್ತಿರುತ್ತದೆ.

ನಿಂಬೆಹಣ್ಣು, ಮೆಣಸಿನಕಾಯಿ, ಹಳೆ ಚಪ್ಪಲಿ ಮಾತ್ರ ಯಾವ ಲಾರಿಯಲ್ಲೂ ಬಾಕಿ ಇರುವುದಿಲ್ಲ. ಶನಿವಾರ ಬಂದರೆ ಹೊಸ ನಿಂಬೆಹಣ್ಣು ಕಟ್ಟಲೇಬೇಕು. ಅದಕ್ಕೆ ಇನ್ಸ್‌ಪೆಕ್ಟರ್ ಬೇಡ, ಪೋರ್ಟಲ್ ಬೇಡ, ದಂಡ ಬೇಡ. ಏಕೆಂದರೆ ದೃಷ್ಟಿ ತಾಗಿದರೆ ನಷ್ಟ ತನಗೇ ಎಂಬ ನಂಬಿಕೆ ಮಾಲೀಕನಿಗಿದೆ. ಹೊಗೆಯಿಂದ ನಷ್ಟ ತನಗೆ ಎಂದು ಇವತ್ತಿನವರೆಗೆ ಯಾರೂ ಅವನಿಗೆ ಲೆಕ್ಕ ಕಟ್ಟಿ ತೋರಿಸಿಲ್ಲ.

ಬೇರೆ ದಾರಿಯೇ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಭಾರಿ ಟ್ರಕ್ಕುಗಳಿಗೆ ವರ್ಷಕ್ಕೆರಡು ಸಲ ತಪಾಸಣೆ ಕಡ್ಡಾಯ. ಹೊಸ ಟ್ರಕ್ಕಿನ ಕಂಪ್ಯೂಟರಿಗೇ ತಂತಿ ಚುಚ್ಚಿ ಅದರ ನೆನಪನ್ನು ಓದುತ್ತಾರೆ. ರಸ್ತೆ ಬದಿಯ ಯಂತ್ರಗಳು ಓಡುವ ಟ್ರಕ್ಕಿನ ಹೊಗೆ ಅಳೆದು, ಮೀರಿದವನಿಗೆ ಮೂವತ್ತು ದಿನದಲ್ಲಿ ತಪಾಸಣೆ ಮಾಡಿಸು ಎಂದು ನೋಟಿಸು ಹೊರಡಿಸುತ್ತವೆ. ನಮ್ಮ ಸ್ಟೇಜ್ 6 ಲಾರಿಗಳಲ್ಲೂ ತಂತಿ ಚುಚ್ಚುವ ಆ ಕಿಂಡಿ ಇದೆ. ಡ್ಯಾಶ್‌ಬೋರ್ಡಿನ ಕೆಳಗೆ ಧೂಳು ತಿನ್ನುತ್ತ, ಯಾರಾದರೂ ಕೇಳಿಯಾರೆಂದು ಕಾದಿದೆ. ಭಾರಿ ವಾಹನಗಳ ಫಿಟ್‌ನೆಸ್ ತಪಾಸಣೆಗೆ ಮನುಷ್ಯರ ಕೈ ತಾಗದ ಸ್ವಯಂಚಾಲಿತ ಕೇಂದ್ರಗಳು 2023ರ ಏಪ್ರಿಲ್‌ನಿಂದ ಕಡ್ಡಾಯ ಎಂದಿದ್ದರು. ಕೇಂದ್ರಗಳು ಸಾಲವೆಂದು ಗಡುವನ್ನು 2024ರ ಅಕ್ಟೋಬರ್‌ಗೆ ತಳ್ಳಿದರು. ಲಾರಿಗಳ ಫಿಟ್‌ನೆಸ್ ಅಳೆಯುವ ಮುನ್ನ ಗಡುವಿನ ಫಿಟ್‌ನೆಸ್ ಕೆಟ್ಟಿತ್ತು.

ಇದಕ್ಕೆ ಕೋಟಿ ಬೆಲೆಯ ಯಂತ್ರವೇ ಬರಬೇಕೆಂದಿಲ್ಲ. ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಸಾರಿಗೆ ಇಲಾಖೆ ಒಂದು ಕೆಲಸ ಮಾಡಲಿ. ಎಲ್ಲ ಕೇಂದ್ರಗಳ ದಾಖಲೆಯೂ ಈಗಾಗಲೇ ಸರ್ಕಾರದ ಕಂಪ್ಯೂಟರಿನಲ್ಲಿದೆ. ಯಾವ ಕೇಂದ್ರ ಈ ತಿಂಗಳು ಎಷ್ಟು ಲಾರಿ ತಪಾಸಣೆ ಮಾಡಿತು, ಒಂದೊಂದಕ್ಕೆ ಎಷ್ಟು ನಿಮಿಷ ತೆಗೆದುಕೊಂಡಿತು, ಎಷ್ಟನ್ನು ನಪಾಸು ಮಾಡಿತು ಎಂಬ ಪಟ್ಟಿಯನ್ನು ಪ್ರತಿ ತಿಂಗಳು ಎಲ್ಲರೂ ನೋಡುವಂತೆ ಪ್ರಕಟಿಸಲಿ. ತಪಾಸಣೆಯ ಶುಲ್ಕ ಲಾರಿಯವನ ಕೈಯಿಂದ ನೇರ ವ್ಯಾನಿನವನ ಕೈಗೆ ಹೋಗದೆ ಇಲಾಖೆಯ ಮೂಲಕ ಹೋಗಲಿ. ಯಾವ ಕೇಂದ್ರಕ್ಕೆ ಹೋಗಬೇಕೆಂಬುದನ್ನು ಮಾಲೀಕ ಆರಿಸದೆ ಕಂಪ್ಯೂಟರು ಆರಿಸಲಿ. ಮಾದಾಪುರದ ಹತ್ತು ಹುಡುಗರು ಒಂದು ವಾರಾಂತ್ಯದಲ್ಲಿ ಬರೆದು ಕೊಡಬಲ್ಲ ಸಾಫ್ಟ್‌ವೇರ್ ಇದು.

ಆ ಪಟ್ಟಿ ಬಂದ ದಿನ ಓದುಗರು ತಪ್ಪದೆ ಕೊನೆಯ ಕಾಲಂ ನೋಡಿ. ವರ್ಷವಿಡೀ ಒಂದೇ ಒಂದು ಲಾರಿಯನ್ನೂ ನಪಾಸು ಮಾಡದ ಕೇಂದ್ರವೇ ಎಲ್ಲಕ್ಕಿಂತ ಮೊದಲು ನಪಾಸಾಗಬೇಕಾದ ಕೇಂದ್ರ.